ತೂತಿನ ಬಿಲ್ಲೆಯ ಅಧ್ಯಕ್ಷರು

ನಾನು ಜಂಭ ಕೊಚ್ಚುವವನಲ್ಲ. ಆದರೆ ಅಮೆರಿಕದ ಹಳೇ ಅಧ್ಯಕ್ಷರ ಮುಖವಿರುವ ಬಿಲ್ಲೆ, ಪದಕ ಕೂಡಿಹಾಕುವುದರಲ್ಲಿ ನನ್ನನ್ನು ಮೀರಿಸುವವನು ಟೆಕ್ಸಾಸಿನಲ್ಲಿ ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ಡ್ರೈವಿಂಗ್ ಲೈಸೆನ್ಸ್ ಬಂದಿರಲಾರದು. ಇಂಥ ನನ್ನ ಮನೆಗೆ ಬರುವ ಬಿಲ್ಲೆಗಳು ಮಾತ್ರ ಒಂದಲ್ಲ ಒಂದು ಫಜೀತಿ ಮಾಡದೆ ಡಬ್ಬಿ ಸೇರಿದ್ದೇ ಇಲ್ಲ.

ಚೌಕಾಸಿ

ಸೀಡರ್ ಪಾರ್ಕ್‌ನ ನಮ್ಮ ಬೀದಿಯಲ್ಲಿ ಒಬ್ಬ ಅಮೆರಿಕನ್ ಅಜ್ಜಿ ಮನೆಯ ಹಳೇ ಸಾಮಾನು ಮಾರಲು ಗ್ಯಾರೇಜ್ ಸೇಲ್ ಇಟ್ಟಿದ್ದರು. ಅಂಗಿ ಗುಂಡಿಗಳ ಡಬ್ಬಿ ಕೆದಕಿದೆ. ತಳದಲ್ಲಿ ಕಪ್ಪಗಾದ ತಾಮ್ರದ ಬಿಲ್ಲೆ! ಹಳೇ ಕಾಲದ ಅಧ್ಯಕ್ಷರೊಬ್ಬರ ಮುಖ, ಅಂಚಿನಲ್ಲೊಂದು ತೂತು. ಆಸೆಯನ್ನು ಮುಖದಲ್ಲಿ ತೋರಿಸಿಕೊಳ್ಳದೆ, "ಇದಕ್ಕೆಷ್ಟು?" ಎಂದೆ.

"ಸುಮ್ಮನೆ ತಗೊಂಡು ಹೋಗಪ್ಪಾ" ಎಂದರು ಅಜ್ಜಿ.

ಮೈಸೂರಿನ ಮಾರ್ಕೆಟ್ಟಿನಲ್ಲಿ ಪಳಗಿದ ಬಾಯಿ, ನನ್ನನ್ನು ಕೇಳದೆಯೇ, "ಇನ್ನೂ ಸ್ವಲ್ಪ ಕಡಿಮೆ ಮಾಡಿ" ಎಂದುಬಿಟ್ಟಿತು.

ಅಜ್ಜಿ ನನ್ನನ್ನೇ ನೋಡಿದರು. ಆಮೇಲೆ ಒಂದು ಕುರ್ಚಿಯನ್ನೂ ಕೊಟ್ಟು ಕಳಿಸಿದರು.

ಹುಣಸೆಹಣ್ಣು

ನಮ್ಮ ಹವ್ಯಾಸದಲ್ಲಿ ನಿಯಮ ಒಂದೇ: ಹಳೇ ಬಿಲ್ಲೆಯನ್ನು ತೊಳೆಯಬಾರದು. ಆ ಕಪ್ಪೇ ಅದರ ವಯಸ್ಸು, ಅದೇ ಅದರ ಬೆಲೆ. ಮರುದಿನ ಅಡುಗೆಮನೆಗೆ ಹೋದರೆ, ಪೂಜೆಯ ತಾಮ್ರದ ಚೊಂಬುಗಳ ಪಕ್ಕದಲ್ಲಿ ನಮ್ಮ ಅಧ್ಯಕ್ಷರು! ಹೆಂಡತಿಯ ಕೈಯಲ್ಲಿ ಹುಣಸೆಹಣ್ಣಿನ ಉಂಡೆ. ಹಾರಿ ಕಿತ್ತುಕೊಂಡೆ. ಹಾರಿದ್ದು ಎಷ್ಟು ಎತ್ತರವೆಂದರೆ, ಸೀಲಿಂಗ್ ಫ್ಯಾನ್ ಗಾಬರಿಯಾಯಿತು.

ಅವಳು ಹುಬ್ಬಳ್ಳಿಯವಳು. "ಇಷ್ಟು ಕಿಲುಬು ಹಿಡಿದಿದ್ದನ್ನ ಮನ್ಯಾಗ ಯಾರರ ಇಟ್ಕೋತಾರೇನ್ರಿ?"

"ಕೊಳೆ ಇದ್ದಷ್ಟೂ ಬೆಲೆ ಜಾಸ್ತಿ ಕಣೇ!"

"ಹಂಗಾರ ನಿಮ್ಮ ಕಾರು ಮಾರಿಬಿಡ್ರಿ, ಒಂದು ಬಂಗ್ಲೆ ಬರ್ತದ."

ಪಂದ್ಯ

ಹ್ಯೂಸ್ಟನ್ ಕಡೆ ಸ್ಟಾಫರ್ಡ್‌ನಲ್ಲಿ ನನ್ನ ಗೆಳೆಯನೊಬ್ಬ ಇದ್ದಾನೆ. ಅವನೂ ಪದಕ ಸಂಗ್ರಾಹಕನೇ. ಅವನ ಪದಕಗಳೆಲ್ಲ ಎಷ್ಟು ಹೊಸವೆಂದರೆ, ಕೆಲವು ಅಧ್ಯಕ್ಷರಿಗೆ ತಾವು ಗೆದ್ದದ್ದು ಇನ್ನೂ ಗೊತ್ತಿಲ್ಲ. ನನ್ನ ಬಿಲ್ಲೆ ನೋಡಿ ಹೇಳಿದ: "ನಕಲಿ ಮಾರಾಯ. ಅಸಲಿ ಬಿಲ್ಲೆಗೆ ತೂತು ಯಾರು ಹೊಡೀತಾರೆ?"

ನನ್ನ ಮಾನದ ಪ್ರಶ್ನೆ. ಡಲ್ಲಾಸ್‌ನ ನಾಣ್ಯ ಮೇಳದಲ್ಲಿ ಸಂಗ್ರಹ ಪ್ರದರ್ಶಿಸಲು ನಮ್ಮಿಬ್ಬರಿಗೂ ಒಂದೊಂದು ಮೇಜು ಸಿಕ್ಕಿತ್ತು. ಅಲ್ಲಿನ ತಜ್ಞರು ಹೇಳಿದ್ದೇ ತೀರ್ಪು. ಸೋತವನು ದಿನವಿಡೀ ಗೆದ್ದವನ ಮೇಜಿಗೆ ಕಾವಲು ನಿಲ್ಲಬೇಕು ಎಂದು ಪಂದ್ಯವಾಯಿತು.

"ಬರುವಾಗ ಒಳ್ಳೇ ಶೂ ಹಾಕ್ಕೊಂಡು ಬಾ" ಎಂದೆ.

"ನೀನು ಒಂದು ಟೋಪಿ ತಗೋ, ವಾಚ್‌ಮನ್‌ಗೆ ಒಪ್ಪುತ್ತೆ" ಎಂದ.

ತೀರ್ಪು

ಮೇಳದ ಹಿಂದಿನ ದಿನವೇ ಹೋಗಿ ಡಲ್ಲಾಸ್ ಪಕ್ಕದ ಮರ್ಫಿಯಲ್ಲಿರುವ ಮಗಳ ಮನೆಯಲ್ಲಿ ಇಳಿದುಕೊಂಡೆವು. ಬೆಳಿಗ್ಗೆ ಎಲ್ಲರೂ ಮೇಳಕ್ಕೆ ಹೊರಟೆವು, ಐದು ತಿಂಗಳ ಮೊಮ್ಮಗಳೂ ಸೇರಿ. ತಜ್ಞರು ಭೂತಗನ್ನಡಿ ಹಿಡಿದು ಕೂತರು. ನಾನು ಗತ್ತಿನಿಂದ ಡಬ್ಬಿ ತೆರೆದೆ. ಖಾಲಿ!

ಗೆಳೆಯ ಕೇಕೆ ಹಾಕಿದ. "ಅಧ್ಯಕ್ಷರು ರಾಜೀನಾಮೆ ಕೊಟ್ಟರೇನಪ್ಪ?"

ಆಗ ಹೆಂಡತಿ ಏನೂ ಆಗಿಲ್ಲವೆಂಬಂತೆ ಮಗುವಿನ ಅಂಗಿ ಎತ್ತಿದಳು. ಉಡಿದಾರದಲ್ಲಿ ಅಧ್ಯಕ್ಷರು ನೇತಾಡುತ್ತಿದ್ದರು.

"ದೃಷ್ಟಿ ಆಗಬಾರ್ದು ಅಂತ ರಾತ್ರಿನ ಕಟ್ಟೇನ್ರಿ. ತಾಮ್ರಾನೂ ಐತಿ, ತೂತೂ ಐತಿ. ಮತ್ತೇನು ಬೇಕು?"

"ಬಿಚ್ಚು ಬೇಗ!"

"ವರ್ಷ ತುಂಬೋತನಕ ಬಿಚ್ಚಂಗಿಲ್ಲ."

ಬೇರೆ ದಾರಿಯಿಲ್ಲದೆ ಮೊಮ್ಮಗಳನ್ನೇ ಮೇಜಿನ ಮೇಲೆ ಮಲಗಿಸಿದೆವು. ತಜ್ಞರು ಅವಳ ಹೊಟ್ಟೆಯ ಮೇಲೆ ಬಗ್ಗಿ, ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ಮಗು ಅವರ ಮೂಗು ಹಿಡಿದುಕೊಂಡಿತು. ಮೂಗಿನಲ್ಲೇ ತೀರ್ಪು ಬಂತು: "ಅಪ್ಪಟ ಅಸಲಿ! ಚುನಾವಣೆಯಲ್ಲಿ ಬೆಂಬಲಿಗರು ದಾರ ಕಟ್ಟಿ ಧರಿಸಲೆಂದೇ ಈ ತೂತು. ನಾವೆಲ್ಲ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಡುತ್ತೇವೆ. ಸರಿಯಾಗಿ ಧರಿಸಿದವರನ್ನು ಇವತ್ತೇ ನೋಡಿದ್ದು."

ಹೀಗೆ ಸಂಜೆಯವರೆಗೂ ಅವಳು ನಮ್ಮ ಮೇಜಿನ ಮುಖ್ಯ ಆಕರ್ಷಣೆ. ಪಂದ್ಯದ ಪ್ರಕಾರ ಗೆಳೆಯ ಕಾವಲು. ಮಗುವನ್ನು ಅವನ ವಶಕ್ಕೆ ಬಿಟ್ಟು ನಾನು, ಹೆಂಡತಿ, ಮಗಳು ಊಟಕ್ಕೆಂದು ಕೂತಾಗ ಅವನ ಫೋನ್ ಬಂತು.

"ಲೋ, ಬೇಗ ಬಾರೋ! ಡೈಪರ್ ತುಂಬಿದೆ, ಅಧ್ಯಕ್ಷರೂ ಒದ್ದೆಯಾಗಿದ್ದಾರೆ. ಈಗ ಏನು ಮಾಡಲಿ?"

ಎಷ್ಟಾದರೂ ನಾನು ಅನುಭವಸ್ಥ. ಶಾಂತವಾಗಿ ಹೇಳಿದೆ: "ನಿಯಮ ಒಂದೇ ಕಣೋ. ಮಗು ತೊಳಿ, ಬಿಲ್ಲೆ ತೊಳೀಬೇಡ."