ಕೊಟ್ರೇಶನ ಶಟರೋದ್ಧರಣ

ಸ್ವಸ್ತಿ. ಮನೆಯಲ್ಲಿ ನೀರಿನ ಕೊಡ ಎತ್ತೆಂದರೆ ಸೊಂಟ ಹಿಡಿದುಕೊಂಡು, ಹೊರಗೆ ದುಡ್ಡು ಕೊಟ್ಟು ಕಬ್ಬಿಣ ಎತ್ತುವ, ಮಹಡಿಗೆ ಲಿಫ್ಟಿನಲ್ಲಿ ಹೋಗಿ, ಅಲ್ಲಿ ಮೆಟ್ಟಿಲು ಹತ್ತುವ ಯಂತ್ರದ ಮೇಲೆ ನಿಂತು ಬೆವರುವ ಮನುಜಕುಲವು ಭೂಮಂಡಲವನ್ನು ಆಳುತ್ತಿರುವ ಈ ಪುಣ್ಯಯುಗದಲ್ಲಿ, ದಾವಣಗೆರೆಯೆಂಬ ನವನೀತದೋಸೆಗಳ ರಾಜಧಾನಿಯ ಹಳೇ ಊರಿನ ಒಂದು ಅಡ್ಡರಸ್ತೆಯಲ್ಲಿ, ಸಮಸ್ತಡಂಬೆಲ್ಲಾಶ್ರಯನೂ ಮೊಳಕೆಹೆಸರುಕಾಳುಪ್ರಿಯನೂ ಕುಕ್ಕುಟಗರ್ವಭಂಜನನೂ ಆದ ಕೊಟ್ರೇಶನೆಂಬ ಮಹಾವೀರನು ‘ಭೀಮಬಲ ಜಿಮ್’ ಎಂಬ ವ್ಯಾಯಾಮಶಾಲೆಯನ್ನು ಪಾಲಿಸಿಕೊಂಡಿದ್ದನು. ತಾಯಿ ನಿದ್ರಾದೇವಿಯೇ, ಮೊದಲ ನಮಸ್ಕಾರ ನಿನಗೆ. ಈ ಕಥೆಯಲ್ಲಿ ಪೆಟ್ಟು ತಿಂದವನು ನಿನ್ನನ್ನು ಹೀಯಾಳಿಸಿದವನೇ. ಹಾಡುವಾಗ ನನ್ನ ನಾಲಿಗೆ ತಡವರಿಸದಿರಲಿ, ನಡುವೆ ನಗು ಬಾರದಿರಲಿ.

ಕುಕ್ಕುಟಗರ್ವಭಂಜನನೆಂಬ ಬಿರುದು ಅವನಿಗೆ ಸುಮ್ಮನೆ ಬಂದದ್ದಲ್ಲ. ಕೋಳಿ ಕೂಗುವ ಮೊದಲೇ ಎದ್ದು, ಕೋಳಿಯನ್ನೂ ತಾನೇ ಎಬ್ಬಿಸಿದೆನೆಂದು ಹೇಳಿಕೊಳ್ಳುವ ಗಂಡಸು ಇವನು. ಬೇಗ ಏಳುವುದರಲ್ಲಿ ತಪ್ಪೇನಿಲ್ಲ. ಹಾಲಿನವರು ಏಳುತ್ತಾರೆ, ಪೇಪರಿನವರು ಏಳುತ್ತಾರೆ, ಬೀದಿ ಗುಡಿಸುವವರು ಏಳುತ್ತಾರೆ, ಯಾರೂ ಬಾಯಿ ಬಿಡುವುದಿಲ್ಲ. ಕೊಟ್ರೇಶನಾದರೋ ಬೆಳಿಗ್ಗೆ ಎದ್ದದ್ದನ್ನು ಸಂಜೆಯವರೆಗೂ ಹೇಳುತ್ತಿದ್ದ. ಸಾವಿನ ಮನೆಗೆ ಹೋದರೂ, “ಪಾಪ, ಬೆಳಿಗ್ಗೆ ಬೇಗ ಏಳೋ ಅಭ್ಯಾಸ ಇರಲಿಲ್ಲ ಅನ್ಸುತ್ತೆ” ಎಂದು ಸಮಾಧಾನ ಹೇಳಿ ಬರುತ್ತಿದ್ದ.

ಅವನ ಜಿಮ್ಮಿನ ಶಟರಿನ ಮೇಲೆ ಅವನದೇ ಚಿತ್ರ. ತೋಳುಗಳನ್ನು ಉಬ್ಬಿಸಿಕೊಂಡು, ಕಣ್ಣು ಕೆಕ್ಕರಿಸಿಕೊಂಡು ನಿಂತ ಆ ಚಿತ್ರದ ಕೆಳಗೆ ‘ಸೂರ್ಯನಿಗಿಂತ ಮೊದಲು ನಾನು’ ಎಂಬ ಘೋಷಣೆ. ಶಟರಿನ ನಟ್ಟನಡುವೆ ಹಳೆಯದೊಂದು ಬೀಗದ ತೂತಿತ್ತು. ತುಕ್ಕು ಹಿಡಿದಿದ್ದರಿಂದ ಅದನ್ನು ಯಾರೂ ಬಳಸುತ್ತಿರಲಿಲ್ಲ. ಚಿತ್ರ ಬರೆದ ಕಲಾವಿದ ಜಾಣ, ಆ ತೂತು ಸರಿಯಾಗಿ ವೀರನ ಹೊಕ್ಕುಳಾಗುವಂತೆ ಹೊಟ್ಟೆಯನ್ನು ಹೊಂದಿಸಿದ್ದ.

ಇಷ್ಟು ಬೇಗ ಏಳುವವನು ಎಷ್ಟು ಬೇಗ ಮಲಗುತ್ತಾನೆಂದು ಯಾವ ಕವಿಯೂ ಹಾಡುವುದಿಲ್ಲ, ನಾನು ಹಾಡುತ್ತೇನೆ. ಬೀದಿಯ ಮಕ್ಕಳು ಇನ್ನೂ ಆಡುತ್ತಿರುವಾಗಲೇ ಈ ವೀರನ ಗೊರಕೆ ಶುರುವಾಗುತ್ತಿತ್ತು. ಹೀಗಾಗಿ ಸಂಜೆಯ ಬ್ಯಾಚನ್ನು ನಡೆಸುವುದು, ಕಂಡವರ ಬೆವರನ್ನು ಬೆಂಚುಗಳಿಂದ ಒರೆಸುವುದು, ಎಲ್ಲೆಂದರಲ್ಲಿ ಬಿಸಾಡಿದ ಡಂಬೆಲ್ಲುಗಳನ್ನು ಜೋಡಿಸಿ ಕಸ ಹೊಡೆದು ಶಟರ್ ಎಳೆಯುವುದು, ಎಲ್ಲವೂ ಅವನ ಹೆಂಡತಿ ಶಿವಲೀಲೆಯ ಪಾಲು. ಆಮೇಲೆ ಅವಳಿಗೆ ಮನೆಯ ಪಾತ್ರೆಗಳು ಕಾದಿರುತ್ತಿದ್ದವು. ಜಿಮ್ಮು ಶುರುವಾದಂದಿನಿಂದ ಕೊಟ್ರೇಶ ಅದು ತೆರೆಯುವುದನ್ನಷ್ಟೇ ಕಂಡವನು, ಮುಚ್ಚುವುದನ್ನು ಕಂಡವನಲ್ಲ. ಆದರೂ ಬೆಳಿಗ್ಗೆ ಹೆಂಡತಿ ಮಗ್ಗುಲು ಬದಲಿಸಿದರೆ, “ಸೋಮಾರಿತನ ಅಂದ್ರೆ ಇದೇ ನೋಡು” ಎಂದು ಉಪದೇಶ ಮಾಡಿ ಹೊರಡುತ್ತಿದ್ದ. ನನಗೆ ಸಿಟ್ಟು ಬರುವುದು ಇಲ್ಲಿಯೇ.

ಇಂತಿರಲು, ಅವನಲ್ಲಿಯೇ ಪಳಗಿದ ಶಿಷ್ಯ ತಿಪ್ಪೇಶನು ಎದುರುಗಡೆಯೇ ಒಂದು ಜಿಮ್ಮು ಕಟ್ಟಿಸಿದನು. ಏಸಿ, ಗೋಡೆ ತುಂಬ ಕನ್ನಡಿ, ಗುಂಡಿ ಒತ್ತಿದರೆ ತಾನಾಗಿಯೇ ಏಳುವ ಶಟರು. ಮರುದಿನ ಮುಂಜಾನೆಯೇ ಅದರ ಉದ್ಘಾಟನೆ. ಕೊಟ್ರೇಶನ ಬ್ಯಾಚಿನವರು ಆಗಲೇ ಎದುರಿನ ಗಾಜಿನೊಳಗೆ ಇಣುಕಿ ಬಂದಿದ್ದರು. ಅವನ ಮೊಟ್ಟಮೊದಲ ಸದಸ್ಯರಾದ ನಾಗೇಂದ್ರಪ್ಪ ಮೇಷ್ಟ್ರು ಎತ್ತ ಹೋಗುತ್ತಾರೋ ಅರ್ಧ ಬ್ಯಾಚು ಅತ್ತಲೇ ಹೋಗುವುದೆಂದು ಎಲ್ಲರಿಗೂ ಗೊತ್ತಿತ್ತು. ಕೊಟ್ರೇಶನಿಗೆ ಮೇಲೆ ಎಷ್ಟೇ ಠೇಂಕಾರವಿದ್ದರೂ ಒಳಗೆ ನಿಜವಾಗಿಯೂ ಹೆದರಿಕೆಯಾಗಿತ್ತು. ಜಿಮ್ಮು ಬಿಟ್ಟರೆ ಅವನಿಗೆ ಬೇರೆ ಅನ್ನವಿರಲಿಲ್ಲ.

ಹೆದರಿದ ವೀರನು ಮಾಡುವುದೇನು? ಪ್ರತಿಜ್ಞೆ. “ಎಲೈ ಲೋಹಭಾರವಾಹಕರೇ, ಹಿಮವಾತಸೇವಿತವಾದ ಸ್ವೇದವೂ ಸ್ವೇದವೇ? ನಾಳಿನ ಉಷಃಕಾಲದಲ್ಲಿ ಆ ಗುರುದ್ರೋಹಿಯು ಮಂಚಾಲಿಂಗನಸುಖದಲ್ಲಿ ಮೈಮರೆತಿರಲು, ಈ ಭುಜಗಳು ಶಟರೋದ್ಧರಣವನ್ನು ಗೈದಿರುವುವು. ಕ್ಷಣಮಾತ್ರ ವಿಳಂಬವಾದರೆ ನೀವೆಲ್ಲರೂ ನನ್ನನ್ನು ತ್ಯಜಿಸಿರಿ” ಎಂದು ಅವನು ಗರ್ಜಿಸಿದನು. ಹಿಗ್ಗಿಸಿದ್ದು ನಾನು. ಅವನು ಆಡಿದ್ದು ಇಷ್ಟೇ: “ಏಸಿಯೊಳಗೆ ಬೆವರು ಬರ್ತೈತೇನ್ರಿ? ನಾಳೆ ಐದಕ್ಕೆ ಬರ್ರಿ. ಅವನು ಹಾಸಿಗೆಯೊಳಗಿರ್ತಾನೆ, ನಾನು ಶಟರ್ ಎತ್ತಿರ್ತೀನಿ. ಒಂದು ನಿಮಿಷ ತಡ ಆದ್ರೂ ಎಲ್ಲಾರೂ ಅಲ್ಲಿಗೇ ಹೋಗ್ರಿ, ನಾನೇ ಕಳಿಸ್ತೀನಿ.”

ಆ ರಾತ್ರಿ ಶಿವಲೀಲೆ ಮನೆಗೆ ಬಂದಾಗ ವೀರನು ಗೋಡೆ ಕಡೆ ಮುಖ ಮಾಡಿ ಮಲಗಿದ್ದ.

“ರೀ, ಹಿಂದಿನ ಬೀದಿಯಾಗೆ ಕಳ್ಳತನ ಆತಂತೆ. ಶಟರಿನ ನಡುವಿನ ಬೀಗ ರಿಪೇರಿ ಮಾಡ್ಸಿ ಹಾಕೀನಿ. ಕೀ ದೇವರ ಫೋಟೋ ಪಕ್ಕ ಮೊಳೆಗೈತೆ, ತಗೊಂಡು ಹೋಗ್ರಿ. ಕೇಳಿಸ್ತೇನು?”

“ಹೂಂ” ಎಂದ ಕೊಟ್ರೇಶ.

ಲೋಕದ ಎಷ್ಟು ಸಂಸಾರಗಳು ಈ ಏಕಾಕ್ಷರ ಮಂತ್ರದಿಂದ ಮುಳುಗಿವೆಯೋ ಬಲ್ಲವರಾರು. ಅವಳು ಪಾಪ ನಂಬಿ, ಪಾತ್ರೆ ತೊಳೆದು ಮಲಗಿದಳು.

ಮರುದಿನ ನಮ್ಮ ವೀರನು ತಣ್ಣೀರು ಮಿಂದು, ಹಣೆಗೆ ವಿಭೂತಿ ಬಳಿದು, ಬೆಳಗಿನ ಹೊತ್ತು ಫೋನು ಮುಟ್ಟಬಾರದೆಂಬ ತನ್ನದೇ ನೇಮದಂತೆ ಫೋನನ್ನು ಮನೆಯಲ್ಲೇ ಬಿಟ್ಟು ರಣರಂಗಕ್ಕೆ ಬಂದನು. ಹಾಸಿಗೆಯಲ್ಲಿರಬೇಕಾದ ತಿಪ್ಪೇಶ ರೇಷ್ಮೆ ಅಂಗಿ ತೊಟ್ಟು, ದೀಪ ಹಚ್ಚಿಕೊಂಡು, ಪೇಡೆಯ ಡಬ್ಬಿ ಹಿಡಿದು ಎದುರಿಗೇ ನಿಂತಿದ್ದ. ಕೊಟ್ರೇಶ ಅತ್ತ ನೋಡಲಿಲ್ಲ. ಎಡಬಲದ ಎರಡು ಬೀಗಗಳನ್ನು ತೆಗೆದ. ಬಗ್ಗಿದ, ಹಿಡಿದ, ಎತ್ತಿದ. ಶಟರು ಕಿರ್ರೆಂದು ಒಂದು ಬೆರಳು ಮೇಲೆದ್ದು ನಿಂತುಬಿಟ್ಟಿತು.

ಮತ್ತೆ ಎತ್ತಿದ. ಅಷ್ಟೇ.

ಇಲ್ಲಿ ಬೇರೆ ಯಾರಾದರೂ ಇದ್ದಿದ್ದರೆ, ಕಿರಾಣಿ ಅಂಗಡಿಯವನಾಗಲಿ ಕ್ಷೌರದ ಅಂಗಡಿಯವನಾಗಲಿ, ಏನು ಸಿಕ್ಕಿಕೊಂಡಿದೆಯೆಂದು ಬಗ್ಗಿ ನೋಡುತ್ತಿದ್ದರು. ಜಿಮ್ಮಿನವರ ಬುದ್ಧಿ ಅಂಥದ್ದಲ್ಲ. ಏಳದ ಭಾರ ಕಂಡರೆ ಅವರಿಗೆ ತೋರುವುದು ಒಂದೇ: ಎತ್ತುವವನ ಪಟ್ಟು ಸರಿಯಿಲ್ಲ.

“ಬೆನ್ನು ನೆಟ್ಟಗಿರಲಿ, ಸರ್” ಎಂದರು ಐದಕ್ಕೇ ಬಂದು ನಿಂತಿದ್ದ ಬ್ಯಾಚಿನವರಲ್ಲಿ ಒಬ್ಬರು.

“ಉಸಿರು ಬಿಡ್ತಾ ಎತ್ರಿ” ಎಂದರು ಇನ್ನೊಬ್ಬರು.

“ಮೊದ್ಲು ವಾರ್ಮಪ್ ಆಗ್ಲಿ, ಅಣ್ಣಾ” ಎಂದ ಲಾರಿ ಟೈರ್ ಅಂಗಡಿಯ ಜಬೀವುಲ್ಲಾ.

ಅದರಂತೆ ನಡುಬೀದಿಯಲ್ಲಿ ವಾರ್ಮಪ್ ಆಯಿತು. ಕೊಟ್ರೇಶ ಬ್ಯಾಚಿನವರ ಚೀಲದಿಂದ ಚರ್ಮದ ಪಟ್ಟಿ ತೆಗೆದು ಸೊಂಟಕ್ಕೆ ಬಿಗಿದು, ಅಂಗೈಗೆ ಸೀಮೆಸುಣ್ಣದ ಪುಡಿ ತಿಕ್ಕಿಕೊಂಡು ಎತ್ತಿದ. ಬಳಿಕ ಲಾರಿಚಕ್ರೋತ್ಪಾಟನಪ್ರಚಂಡನಾದ ಜಬೀವುಲ್ಲಾ ಎತ್ತಿದ. ಬಳಿಕ ಇಬ್ಬರೂ ಸೇರಿ, ಬಳಿಕ ಸಾಲಾಗಿ ನಿಂತು ಇಡೀ ಬ್ಯಾಚು. ನಡುನಡುವೆ ಶಾಸ್ತ್ರೋಕ್ತವಾಗಿ ವಿಶ್ರಾಂತಿ, ನೀರು, ಮತ್ತೆ ಇನ್ನೊಂದು ಸೆಟ್ಟು. ಶಟರಿನ ಮೇಲಿನ ಕೊಟ್ರೇಶ ತೋಳು ಉಬ್ಬಿಸಿಕೊಂಡು ಕೆಳಗಿನ ಕೊಟ್ರೇಶನನ್ನು ಕೆಂಗಣ್ಣಿನಿಂದ ನೋಡುತ್ತಿದ್ದ.

ಮೇಷ್ಟ್ರು ಹತ್ತಿರ ಬಂದರು. “ಕೊಟ್ರೇಶಿ, ಶಿವಲೀಲನ್ನ ಒಂದು ಮಾತು ಕೇಳೋ. ರಾತ್ರಿ ಹಾಕಿದಾಕೆ ಆಕೆ ಅಲ್ಲೇನು?”

“ಶಟರ್ ಎತ್ತೋನು ನಾನು, ಮೇಷ್ಟ್ರೆ. ಆಕೆಗೇನು ಗೊತ್ತು?”

ಅಷ್ಟರಲ್ಲಿ ತಿಪ್ಪೇಶ ರಸ್ತೆ ದಾಟಿ ಬಂದು, “ಗುರುಗಳೇ, ನಾನೂ ಒಂದು ಕೈ ಹಾಕ್ಲೇನು?” ಎಂದು ವಿನಯದಿಂದ ಕೇಳಿ, ಉತ್ತರಕ್ಕೆ ಕಾಯದೆ ತನ್ನ ಜೇಬಿನಲ್ಲಿದ್ದ ರಿಮೋಟಿನ ಗುಂಡಿ ಒತ್ತಿದ. ಎದುರಿನ ಶಟರು ಇಳಿಯಿತು. ಮತ್ತೆ ಒತ್ತಿದ, ಏರಿತು. ಹೆಬ್ಬೆರಳಿನಿಂದ ಏಳುವ ಶಟರನ್ನು ನೋಡುತ್ತ ನೋಡುತ್ತ ಬ್ಯಾಚಿನವರು ಒಬ್ಬೊಬ್ಬರಾಗಿ ಅತ್ತ ಸರಿದರು. ಕೊನೆಗೆ ಮೇಷ್ಟ್ರೂ ಹೆಗಲಿಗೆ ಟವೆಲು ಹಾಕಿಕೊಂಡು ಒಂದು ಮೆಟ್ಟಿಲು ಇಳಿದರು. ಕೊಟ್ರೇಶನ ಕಣ್ಣಲ್ಲಿ ನೀರು ಬಂತು. ಅದನ್ನು ಬೆವರೆಂದು ತೋರಿಸಲು ಅವನು ಇನ್ನೊಮ್ಮೆ ಬಗ್ಗಿದ.

ಆಗ ರಣಾಂಗಣಕ್ಕೆ ಸ್ಕೂಟಿಯೊಂದು ಬಂತು. ನೈಟಿಯ ಮೇಲೊಂದು ವೇಲು ಹೊದ್ದು, ಕೂದಲು ಗಂಟು ಹಾಕಿಕೊಂಡ ಶಿವಲೀಲೆ ಇಳಿದಳು. “ನಿಮ್ಮನೇವ್ರು ಶಟರ್ ಜೊತೆ ಕುಸ್ತಿ ಹಿಡಿದಾರೆ, ಅಕ್ಕಾ” ಎಂದು ಹಾಲಿನವನು ಅವಳನ್ನು ಎಬ್ಬಿಸಿ ಹೇಳಿದ್ದ. ಅವಳು ಯಾರನ್ನೂ ನೋಡದೆ ನೇರ ಬಂದು, ಚಿತ್ರದ ಹೊಕ್ಕುಳಿಗೆ ಕೀಲಿ ಚುಚ್ಚಿ ತಿರುವಿದಳು. ಬಲಗೈಯಲ್ಲಿ ಹಾಲಿನ ಪ್ಯಾಕೆಟ್ಟು ಇದ್ದುದರಿಂದ ಎಡಗೈಯಿಂದಲೇ ಶಟರ್ ಎತ್ತಿದಳು.

“ರಾತ್ರಿ ಹೇಳಿದ್ನಲ್ರಿ. ಹೂಂ ಅಂದ್ರಲ್ಲ.”

ಮೊದಲು ನಕ್ಕವರು ಮೇಷ್ಟ್ರು. ಆಮೇಲೆ ಬೀದಿಗೆ ಬೀದಿಯೇ ನಕ್ಕಿತು. ಎದುರಿನ ಏಸಿಯೊಳಗೆ ಹೋಗಿದ್ದವರೂ ಚೆನ್ನಾಗಿ ನಗಲೆಂದು ಈಚೆ ಬಂದರು. ಕೊಟ್ರೇಶ ತಲೆ ತಗ್ಗಿಸಿ, “ನನ್ನ ಮಾತು ಮಾತೇ. ತಡ ಆತು, ಹೋಗ್ರಿ” ಎಂದ.

“ಹೋಗ್ತೀವಿ ಬಿಡು, ಅದೇನು ಓಡಿ ಹೋಗಲ್ಲ” ಎಂದರು ಮೇಷ್ಟ್ರು. “ಇವತ್ತು ರಾತ್ರಿ ನೀನೇ ಮುಚ್ಚು. ಮುಚ್ಚಿದವನಿಗೆ ತೆಗೆಯೋದೂ ತಿಳೀತೈತೆ. ನಾಳೆ ಐದಕ್ಕೆ ನೀನು ಇಲ್ಲಿದ್ರೆ ನಾವು ಇಲ್ಲೇ. ಇಲ್ಲಾಂದ್ರೆ ಆ ಕಡೆ.”

ವೀರನು ಮೀಸೆ ತಿರುವಿ, ಮನೆಯಲ್ಲೇ ಮಲಗಿಕೊಳ್ಳೆಂದು ಹೆಂಡತಿಗೆ ಅಪ್ಪಣೆ ಕೊಟ್ಟು ಸಂಜೆಯ ಸಮರಕ್ಕೆ ಇಳಿದನು. ಎಲ್ಲರ ಬೆವರನ್ನೂ ಒರೆಸಿದ. ಡಂಬೆಲ್ಲುಗಳನ್ನು ಜೋಡಿಸುವಷ್ಟರಲ್ಲಿ ಕಣ್ಣು ಎಳೆಯತೊಡಗಿತು. ತನ್ನ ಗಂಡನನ್ನು ಬಲ್ಲ ಶಿವಲೀಲೆ ಎರಡನೇ ಕೀಲಿ ಗೊಂಚಲು ಹಿಡಿದು ಬಂದು ನೋಡಿದರೆ, ದೀಪವೆಲ್ಲ ಉರಿಯುತ್ತಿತ್ತು. ನಿದ್ರಾಜಿತನು ಎದೆಯ ಮೇಲೆ ಪೊರಕೆ ಇಟ್ಟುಕೊಂಡು ಬೆಂಚಿನ ಮೇಲೆ ಗೊರಕೆ ಹೊಡೆಯುತ್ತಿದ್ದ.

“ರೀ, ಏಳ್ರಿ, ಮನೆಗೆ ಹೋಗೋಣ.”

“ಹೂಂ.”

“ಏಳ್ತೀರೋ, ಇಲ್ಲೇ ಬಿಟ್ಟು ಹೊರಗಿಂದ ಬೀಗ ಹಾಕ್ಲೋ?”

“ಹೂಂ.”

ಅವನ ಹೂಂಗೆ ಇಷ್ಟು ದಿನ ಬೆಲೆ ಕೊಟ್ಟವಳು ಅವಳೊಬ್ಬಳೇ, ಇಂದೂ ಕೊಟ್ಟಳು. ಪೊರಕೆ ತೆಗೆದು, ತನ್ನ ವೇಲನ್ನು ಅವನಿಗೆ ಹೊದಿಸಿ, ದೀಪ ಆರಿಸಿ, ಮೂರೂ ಬೀಗ ಹಾಕಿಕೊಂಡು ಹೋಗಿ ಮಲಗಿದಳು.

ಮುಂಜಾನೆ ಐದಕ್ಕೆ ಬ್ಯಾಚು ಬಂದು ನೋಡಿತು. ಶಟರು ಮುಚ್ಚಿತ್ತು, ಬೀದಿಯಲ್ಲಿ ಕೊಟ್ರೇಶನಿಲ್ಲ. ತಿಪ್ಪೇಶ ಮುಗುಳುನಗುತ್ತ ಗುಂಡಿಗೆ ಕೈ ಹಾಕುವಷ್ಟರಲ್ಲಿ ಭೀಮಬಲ ಜಿಮ್ಮಿನ ಒಳಗಿನಿಂದ ಸಣ್ಣದೊಂದು ದನಿ ಬಂತು.

“ಮೇಷ್ಟ್ರೆ.”

“ಕೊಟ್ರೇಶಿ? ಎಲ್ಲಿದೀಯೋ?”

“ಇಲ್ಲೇ ಅದೀನಿ. ಒಳಗೆ.”

“ಕೀ ಎಲ್ಲೈತೆ?”

“ನನ್ನದು ಇಲ್ಲೇ ಐತೆ, ಒಳಗಿಂದ ತೆಗೆಯಾಕೆ ಬರಲ್ಲ. ಇನ್ನೊಂದು ಗೊಂಚಲು ಆಕೆ ಹತ್ರ.”

ಜಬೀವುಲ್ಲಾ ಬೈಕು ಹತ್ತಿದ. “ತಡಿ ಅಣ್ಣಾ, ಅಕ್ಕೋರನ್ನ ಎಬ್ಬಿಸಿ ತರ್ತೀನಿ.”

ಒಳಗಿನಿಂದ ಶಟರಿಗೆ ಅಂಗೈ ಬಡಿದ ಸದ್ದಾಯಿತು.

“ಬ್ಯಾಡ. ಆಕೆ ಮಲಗ್ಲಿ” ಎಂದ ಕೊಟ್ರೇಶ. “ಒರೆಸಿ ಒರೆಸಿ ನನ್ನ ತೋಳೇ ಬಿದ್ದು ಹೋಗ್ಯಾವೆ. ಆಕೆ ದಿನಾ ಮಾಡ್ತಾಳೆ.”

ಈ ಕವಿ ಇವನನ್ನು ಇಷ್ಟು ಹೊತ್ತು ಆಡಿಕೊಂಡದ್ದು ನಿಜ. ಆದರೂ ಈ ಮಾತಿಗೆ ಮನಸ್ಸು ಕರಗಿತೆಂದು ಒಪ್ಪಿಕೊಳ್ಳಲೇಬೇಕು. ಮೇಷ್ಟ್ರು ಟವೆಲನ್ನು ಮೆಟ್ಟಿಲ ಮೇಲೆ ಹಾಸಿದರು. “ಐದಕ್ಕೆ ಇಲ್ಲಿರ್ತೀನಿ ಅಂದಿದ್ದ, ಅದಾನೆ. ನಮ್ಮೆಲ್ಲರಿಗಿಂತ ಮೊದ್ಲು ಅದಾನೆ. ಎಣಿಸೋ, ಕೊಟ್ರೇಶಿ.” ಒಳಗೆ ವೀರನು ಗಟ್ಟಿಯಾಗಿ ಎಣಿಸಿದನು, ಹೊರಗೆ ಬ್ಯಾಚು ನಡುಬೀದಿಯಲ್ಲಿ ಬಸ್ಕಿ ಹೊಡೆಯಿತು. ಎದುರಿನ ಶಟರು ಎರಡು ಸಲ ಏರಿ ಇಳಿದು ಸುಮ್ಮನಾಯಿತು.

ಆದರೆ ಹೊತ್ತು ಏರಿದಂತೆ ಎಣಿಕೆಯ ದನಿ ಏಕೋ ನಡುಗತೊಡಗಿತು, ನಡುನಡುವೆ ನಿಂತಿತು, ಕೊನೆಗೆ “ಮೇಷ್ಟ್ರೆ, ಆಕೆ ಎದ್ದಿರ್ತಾಳೇನ್ರಿ?” ಎಂದು ಕೇಳತೊಡಗಿತು. ಬಿಸಿಲು ಮೆಟ್ಟಿಲು ಹತ್ತಿದ ಮೇಲೆ ಶಿವಲೀಲೆ ಕಣ್ತುಂಬ ನಿದ್ದೆ ಮಾಡಿ, ಕಾಫಿ ಕುಡಿದು, ಆರಾಮಾಗಿ ಬಂದು ಕೀಲಿ ತಿರುವಿದಳು. ಶಟರು ಎದ್ದಿತು. ಸೂರ್ಯನಿಗಿಂತ ಮೊದಲೇ ಎದ್ದ, ಸಮಸ್ತಡಂಬೆಲ್ಲಾಶ್ರಯನಾದ, ಕುಕ್ಕುಟಗರ್ವಭಂಜನನಾದ ಕೊಟ್ರೇಶನು ಜಯಘೋಷ ಮಾಡುತ್ತಿದ್ದ ಬ್ಯಾಚಿನ ನಡುವಿನಿಂದ, “ಸರೀರಿ, ಸರೀರಿ” ಎನ್ನುತ್ತ, ತೊಡೆ ಜೋಡಿಸಿಕೊಂಡು ಓಡಿದನು. ಭೀಮಬಲ ಜಿಮ್ಮಿನ ಪಾಯಿಖಾನೆ ಕಟ್ಟಡದ ಹಿಂದೆ, ಹೊರಗಡೆ ಇತ್ತು.