ಚಿಗವ್ವ ಮತ್ತು ನಾನು ಬಿಟ್ಟ ನೀರು

ಕೃಷ್ಣಾ ನದಿಯ ನೀರನ್ನು ಶಹಾಪುರದ ಸೀಮೆಗೆ ತಂದವಳು ನಾನೇ ಎಂದು ನಂಬಿರುವವಳು ಈ ಭೂಮಿಯ ಮೇಲೆ ಒಬ್ಬಳೇ ಒಬ್ಬಳು. ಅವಳು ನನ್ನ ಚಿಗವ್ವ, ಅಂದರೆ ತಾಯಿಯ ತಂಗಿ. ಇದನ್ನು ಹೊಗಳಿಕೆ ಎಂದು ದಯವಿಟ್ಟು ತಿಳಿಯಬೇಡಿ. ಅವಳ ಪ್ರಕಾರ ಅದು ನಾನು ಮಾಡಿದ ಅಪರಾಧ.

ನಿಜ ಸಂಗತಿ ಇಷ್ಟೇ. ಭೀಮರಾಯನಗುಡಿಯ ಕ್ಯಾಂಪಿನಲ್ಲಿ, ಕಾಲುವೆ ಆಫೀಸಿನಲ್ಲಿ, ನಾನು ಟೈಪಿಸ್ಟ್ ಆಗಿದ್ದೆ. ಟೈಪ್‌ರೈಟರಿನಲ್ಲಿ ಶುರುವಾಗಿ ಕಂಪ್ಯೂಟರಿನಲ್ಲಿ ಮುಗಿದ ನನ್ನ ನೌಕರಿಯ ಉದ್ದಕ್ಕೂ ಕಾಲುವೆಯ ಒಂದು ಗೇಟನ್ನಾದರೂ ಮುಟ್ಟಿದವಳಲ್ಲ. ಅದರ ದಂಡೆಗೆ ಹೋದದ್ದೇ ಅಪರೂಪ. ಹೋದಾಗಲೂ ಚಪ್ಪಲಿ ಜಾರೀತೆಂದು ನಾಲ್ಕು ಮಾರು ದೂರ ನಿಂತವಳು. ಆದರೆ ಇದನ್ನು ಚಿಗವ್ವನಿಗೆ ತಿಳಿಸಿ ಹೇಳುವವರು ಯಾರು?

"ನೀರು ಬಿಡ್ರಿ ಅಂತ ಕಾಗದದ ಮ್ಯಾಲೆ ಬಡಿಯಾಕಿ ಯಾರು?" ಎಂದು ಕೇಳುತ್ತಾಳೆ.

"ನಾನೇ. ಆದ್ರ ಸಾಹೇಬ್ರು ಹೇಳಿದ್ದನ್ನ ಬಡೀತೀನಿ."

"ನೀ ಬಡೀಲಿಲ್ಲಂದ್ರ ನೀರು ಹ್ಯಾಂಗ ಬರ್ತಿತ್ತು?"

ಸರಕಾರ ನಡೆಯುವ ಬಗೆಯನ್ನು ಇಷ್ಟು ಖಚಿತವಾಗಿ ತಿಳಿದವರು ನಮ್ಮ ಆಫೀಸಿನಲ್ಲೂ ಇರಲಿಲ್ಲ.

ಅವಳ ಸಿಟ್ಟಿಗೆ ಮೂಲ ಅನ್ನ. ಹೌದು, ನಾವು ನೀವು ದಿನಾ ಉಣ್ಣುವ ಅದೇ ಬಿಳಿ ಅನ್ನ. ಕಾಲುವೆ ಬರುವ ಮೊದಲು ನಮ್ಮ ಸೀಮೆಯಲ್ಲಿ ಅನ್ನವನ್ನು ಹಬ್ಬಕ್ಕೆ ಮಾಡುತ್ತಿದ್ದರು, ಇಲ್ಲವೇ ಜ್ವರ ಬಂದವರಿಗೆ ಕೊಡುತ್ತಿದ್ದರು. ಉಳಿದ ದಿನವೆಲ್ಲ ಜೋಳದ ರೊಟ್ಟಿ. ನೀರು ಬಂತು, ಅದರ ಬೆನ್ನಿಗೆ ಭತ್ತ ಬಂತು, ಭತ್ತ ಬೆಳೆಯಬಲ್ಲ ತೆಲುಗು ಮಂದಿ ಬಂದು ಹೊಲಗಳನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದರು. ನೋಡನೋಡುತ್ತ ಎರೆ ಹೊಲಗಳೆಲ್ಲ ಗದ್ದೆಗಳಾದವು. ದೋರನಹಳ್ಳಿಯ ಕಡೆ ಚಿಗವ್ವನದೊಂದು ಹೊಲವಿತ್ತು. ಗಂಡ ಸಣ್ಣ ವಯಸ್ಸಿನಲ್ಲೇ ತೀರಿಕೊಂಡ ಮೇಲೆ ಅವಳೊಬ್ಬಳೇ ಬಿತ್ತಿ ಬೆಳೆಯುತ್ತಿದ್ದ ಹೊಲ. ಅದರಲ್ಲಿ ಮಾತ್ರ ಜೋಳವೇ ನಿಂತಿತ್ತು, ಹಸಿರು ನೀರಿನ ನಡುವೆ ನಡುಗಡ್ಡೆಯ ಹಾಗೆ. ಸುತ್ತೆಲ್ಲೂ ಬೇರೆ ಜೋಳವಿಲ್ಲದ ಕಾರಣ ತಾಲ್ಲೂಕಿನ ಗುಬ್ಬಿ, ಗಿಳಿಗಳಿಗೆಲ್ಲ ಅದೊಂದೇ ಖಾನಾವಳಿ. ಚಿಗವ್ವ ಅಟ್ಟ ಹತ್ತಿ ನಿಂತು ಕವಣೆ ಬೀಸುತ್ತಿದ್ದಳು, ಜೊತೆಗೆ ಬೈಯುತ್ತಿದ್ದಳು. ಹಕ್ಕಿಗಳನ್ನು ಬೈಯುವಾಗ ನನ್ನ ಹೆಸರೇಕೆ ಬರುತ್ತಿತ್ತು ಎಂಬುದನ್ನು ಮಾತ್ರ ನಾನು ಕೇಳಲು ಹೋಗಲಿಲ್ಲ.

ಒಂದು ಭಾನುವಾರ ಬೆಳಗ್ಗೆ ಬಸ್ಸು ಹಿಡಿದು ಕ್ಯಾಂಪಿನ ನಮ್ಮ ಕ್ವಾರ್ಟರ್ಸಿಗೆ ಬಂದಳು. ಒಳಗೆ ಬರದೆ ಮೆಟ್ಟಿಲ ಮೇಲೆ ಕುಳಿತಳು.

"ನಿನ್ನ ನೀರು ನನ್ನ ಹೊಲಕ್ಕ ಬಂದದ."

"ನನ್ನ ನೀರಲ್ಲ ಚಿಗವ್ವ. ಬಾಜೂ ಗದ್ದಿದು ಬಸೀಲಿಕತ್ತಿರಬೇಕು."

"ಯಾರ್ದರ ಆಗ್ಲಿ. ಬಂದು ಕರಕೊಂಡು ಹೋಗು."

ಹಗ್ಗ ಬಿಚ್ಚಿಕೊಂಡು ಹೋದ ನನ್ನ ಕರುವೊಂದು ಅವಳ ಹೊಲ ಹೊಕ್ಕಂತೆ ಹೇಳಿದಳು. ಏನು ಮಾಡಲಿ? ಚಹಾ ಮಾಡಿಕೊಟ್ಟೆ. ಅರ್ಧ ಕುಡಿದ ಮೇಲೆ ಅವಳಿಗೆ ಸಂಶಯ ಬಂತು. "ಇದು ಯಾವ ನೀರು?" ಎಂದಳು. ನಳದ್ದು ಎಂದೆ. "ನಳಕ್ಕ ಎಲ್ಲಿಂದ ಬರ್ತದ?" ನಾನು ಕಾಲುವೆಯ ದಿಕ್ಕಿಗೆ ನೋಡಿದೆ. ಅವಳು ಲೋಟದೊಳಗೆ ಒಮ್ಮೆ ನೋಡಿ, ಉಳಿದದ್ದನ್ನೂ ಕುಡಿದು, "ಚಾ ಆದ್ರ ಮಾಫ್" ಎಂದಳು.

ಅನ್ನದ ಬಗ್ಗೆ ಅವಳಿಗೆ ತನ್ನದೇ ಆದ ಸಿದ್ಧಾಂತಗಳಿವೆ. ಅನ್ನ ಉಂಡರೆ ಹೊಟ್ಟೆಗೆ ಉಂಡ ನೆನಪೇ ಇರುವುದಿಲ್ಲವಂತೆ. ಅನ್ನ ಉಣ್ಣುವವರು ಜಗಳವನ್ನು ಪೂರ್ತಿ ಮುಗಿಸಲಾರರಂತೆ, ಅರ್ಧಕ್ಕೇ ದಣಿದು ಕೂರುತ್ತಾರಂತೆ. "ಮದಲ ನಮ್ಮ ಓಣ್ಯಾಗ ಒಂದು ಜಗಳ ಸುರು ಆತಂದ್ರ ದೀಪ ಹಚ್ಚೂತನ ನಡೀತಿತ್ತು. ಈಗ ಎರಡು ಮಾತ ಆಡಿ ಟೀವಿ ಮುಂದ ಕುಂದರತಾರ," ಎಂದು ಬಹಳ ನೊಂದು ಹೇಳುತ್ತಾಳೆ. ಟೀವಿಯ ತಪ್ಪೂ ಅನ್ನದ ಲೆಕ್ಕಕ್ಕೇ ಸೇರುತ್ತದೆ.

ಸುರಪುರದಲ್ಲಿ ನಮ್ಮ ನೆಂಟರ ಮದುವೆ. ಪೂರಿ, ಪಲಾವು, ಅನ್ನ, ಸಾಂಬಾರು, ಎಲ್ಲ ಇತ್ತು. ರೊಟ್ಟಿ ಮಾತ್ರ ಇರಲಿಲ್ಲ. ಬಡಿಸುವವನು ಅನ್ನದ ಬಕೆಟ್ ಹಿಡಿದು ಬಂದಾಗ ಚಿಗವ್ವ ಎಲೆಗೆ ಅಡ್ಡಲಾಗಿ ಕೈ ಹಿಡಿದಳು. ಇನ್ನೊಂದು ಕೈಯಿಂದ ಸೆರಗಿನೊಳಗಿನ ಗಂಟನ್ನು ಬಿಚ್ಚಿದಳು. ಒಳಗೆ ಖಡಕ್ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿ. ನನಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು.

"ಆಯಿ, ಮದುವಿಗಿ ಬುತ್ತಿ ಕಟಗೊಂಡು ಬರ್ತಾರೇನ್ರಿ?" ಎಂದ ಬಡಿಸುವವನು.

"ಮದುವಿಗಿ ಬಂದೀನಪ. ದವಾಖಾನಿಗಿ ಬಂದಿದ್ರ ನಿನ್ನ ಅನ್ನ ಉಣ್ತಿದ್ದೆ."

ಪಕ್ಕದಲ್ಲಿ ಕುಳಿತ ಒಬ್ಬ ಹಿರಿಯರು, "ತಂಗೀ, ಒಂದು ತುಣುಕು ಇದ್ರ ಕೊಡವಾ" ಎಂದರು. ಅವರ ಪಕ್ಕದವರೂ ಕೈ ಚಾಚಿದರು. ನೋಡುತ್ತಿದ್ದಂತೆ ಗಂಟು ಸಾಲಿನ ಆ ತುದಿಗೆ ಹೋಗಿ ಖಾಲಿಯಾಗಿ ವಾಪಸು ಬಂತು. ವಧುವಿನ ತಂದೆ ನಮ್ಮ ಸಾಲಿನ ಎಲೆಗಳಲ್ಲಿ ಅನ್ನ ಹಾಗೇ ಉಳಿದದ್ದನ್ನು ಕಂಡು, ಅಡುಗೆಯಲ್ಲಿ ಉಪ್ಪು ಹೆಚ್ಚಾಯಿತೇನೋ ಎಂದು ಅಡುಗೆಯವರ ಮೇಲೆ ಹರಿಹಾಯ್ದರು. ಚಿಗವ್ವ ಕೈ ತೊಳೆದು, ಅಕ್ಕಿಯ ಅಕ್ಷತೆ ಹಾಕಲು ಹೊರಟಳು. ಅದಕ್ಕೇನೂ ಅವಳ ಅಭ್ಯಂತರವಿಲ್ಲ. "ಅಕ್ಕಿ ಮಂದಿ ಮ್ಯಾಲೆ ಒಗೀಲಾಕ ಚಲೋ ಅವ," ಎಂದಳು.

ಮೊಣಕಾಲು ಕೈಕೊಟ್ಟ ಮೇಲೆ ಹೊಲವನ್ನು ಪಾಲಿಗೆ ಹಚ್ಚಿ ಅವಳು, ಕ್ವಾರ್ಟರ್ಸು ಬಿಟ್ಟು ನಾವು ಶಹಾಪುರದಲ್ಲಿ ಕಟ್ಟಿಸಿದ್ದ ಮನೆಗೆ ಇರಲು ಬಂದಳು. ಆಗಿನ್ನೂ ನನ್ನ ಮಗನ ಮದುವೆಯಾಗಿ ಹೊಸತು. ಸೊಸೆ ಗುರುಮಠಕಲ್ಲಿನವಳು, ಇಲ್ಲೇ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಕನ್ನಡ ಮಾತಾಡುವಾಗ ನಡುನಡುವೆ ತೆಲುಗು ಇಣುಕುತ್ತದೆ. ಚಿಗವ್ವನನ್ನು, ತೆಲುಗಿನಲ್ಲಿ ಅಜ್ಜಿಯನ್ನು ಕರೆಯುವ ಹಾಗೆ, "ಅಮ್ಮಮ್ಮಾ" ಎಂದು ಕರೆದಳು. "ಒಂದ್ಸಲ ಅಮ್ಮ ಅಂದ್ರ ಕೇಳಸ್ತದ. ನಾ ಕಿವುಡಿ ಅಲ್ಲ," ಎಂದು ಉತ್ತರ ಬಂತು. ಅದಕ್ಕಿಂತ ದೊಡ್ಡ ಸಂಗತಿ ಊಟದ ಹೊತ್ತಿಗೆ ಬಯಲಾಯಿತು. ಸೊಸೆಗೆ ಮೂರು ಹೊತ್ತೂ ಅನ್ನ ಬೇಕು!

ನನ್ನ ಅಡುಗೆಮನೆ ಅಂದಿನಿಂದ ಎರಡು ರಾಜ್ಯಗಳ ಗಡಿಯಾಯಿತು. ಒಂದು ಒಲೆಯ ಮೇಲೆ ಹೆಂಚು, ಇನ್ನೊಂದರ ಮೇಲೆ ಕುಕ್ಕರು. ಚಿಗವ್ವ ಬೆಳಗಾದರೆ ಕುಳಿತು ಪಟಪಟ ರೊಟ್ಟಿ ಬಡಿಯುತ್ತಾಳೆ. ಕೆಳಗಿನ ಮನೆಯ ಬಾಡಿಗೆಯವರು, ಮೇಲೆ ಬಡಗಿ ಕೆಲಸ ಯಾವಾಗ ಮುಗಿಯುತ್ತದೆ ಎಂದು ವಿಚಾರಿಸಿ ಹೋದರು. ಕುಕ್ಕರು ಸೀಟಿ ಹಾಕಿದರೆ ಚಿಗವ್ವ ಅದರ ಕಡೆ ತಿರುಗದೆಯೇ, "ಹೊಯ್ಕೋ, ಹೊಯ್ಕೋ. ಒಳಗ ಕುದೀಲಾಕತ್ತದ, ಹೊಯ್ಕೊಳ್ಳದೆ ಏನ್ ಮಾಡೀತು" ಎನ್ನುತ್ತಾಳೆ. ಅದು ಕುಕ್ಕರಿಗೋ ಸೊಸೆಗೋ ಎಂದು ನಾನು ಮಗನ ಮುಖ ನೋಡುತ್ತೇನೆ. ಅವನು ಫೋನ್ ನೋಡುತ್ತಾನೆ.

ಸೊಸೆಯೂ ಸುಮ್ಮನಿರುವವಳಲ್ಲ. ಒಂದು ಸಂಜೆ ಅಂಗಡಿಯಿಂದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ರೊಟ್ಟಿ ತಂದಿಟ್ಟಳು. "ಇನ್ನ ನೀವು ಕಷ್ಟ ಪಡೋದು ಬೇಡ ಅಮ್ಮಮ್ಮಾ, ಎಲ್ಲಾ ರೆಡಿಮೇಡ್." ಚಿಗವ್ವ ಪೊಟ್ಟಣವನ್ನು ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ ತಟ್ಟಿದಳು. ಕಿವಿಯ ಹತ್ತಿರ ಹಿಡಿದಳು.

"ಯಾರು ಬಡದಾರ ಇದನ್ನ?"

"ಮಷೀನು."

"ಹಂಗಾದ್ರ ಅದಕ್ಕೇ ಉಣ್ಣಿಸು."

ನಾನು ನಿವೃತ್ತಿಯಾದ ದಿನ ಕೊರಳಲ್ಲಿ ಹಾರ ಹಾಕಿಕೊಂಡೇ ಮನೆಗೆ ಬಂದೆ. ಮಗ, ಸೊಸೆ ಸಿಹಿ ತಂದಿದ್ದರು. ಅಷ್ಟು ವರ್ಷದ ಕೆಲಸ ಮುಗಿದುದಕ್ಕೆ ನನ್ನ ಕಣ್ಣು ಸ್ವಲ್ಪ ಒದ್ದೆಯಾಗಿತ್ತು. ಚಿಗವ್ವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಲೆ ನೇವರಿಸಿದಳು. ಹಿಂದಿನದೆಲ್ಲ ಮರೆತಳು ಎಂದುಕೊಂಡೆ. ಅವಳು ಮೆಲ್ಲಗೆ ಕೇಳಿದಳು: "ನಾಳಿಂದ ನೀರು ಬಂದ್ ಏನವ್ವ?"

ಮರುದಿನವೂ ಕಾಲುವೆ ಹರಿಯುತ್ತಿದೆ ಎಂದು ತಿಳಿದಾಗ ಅವಳಿಗೆ ಆದ ನಿರಾಶೆಯನ್ನು ನಾನು ಇಲ್ಲಿ ಬರೆಯಲಾರೆ.

ಅದೇ ವರ್ಷ ಸೊಸೆ ಬಸುರಿಯಾದಳು. ಮನೆಯಲ್ಲಿ ಸಂಭ್ರಮ. ಕೂಸಿಗೆ ಮೊದಲ ತುತ್ತು ರೊಟ್ಟಿಯದೋ ಅನ್ನದ್ದೋ ಎಂಬ ಚರ್ಚೆ, ಕೂಸು ಹುಟ್ಟುವ ಮೊದಲೇ ಶುರುವಾಯಿತು. "ಹಾಲಿನ್ಯಾಗ ರೊಟ್ಟಿ ಮುರದು ನೆನಸಿ ಕೊಡ್ತೀನಿ, ನೋಡ್ತಿರು, ನಿನಗಿಂತ ಜಗಳಗಂಟ ಆಗ್ತದ," ಎನ್ನುತ್ತಿದ್ದಳು ಚಿಗವ್ವ. ಸೊಸೆ ನಗುತ್ತಿದ್ದಳು.

ಹೊಟ್ಟೆ ಆಗಷ್ಟೇ ಎದ್ದು ಕಾಣತೊಡಗಿತ್ತು. ಒಂದು ಬೆಳಗ್ಗೆ ಶಾಲೆಗೆ ಹೊರಟವಳು ಬಾಗಿಲಲ್ಲೇ ಕುಳಿತುಬಿಟ್ಟಳು. ಆಸ್ಪತ್ರೆಗೆ ಒಯ್ದೆವು. ಡಾಕ್ಟರು ಮಾಡುವುದನ್ನೆಲ್ಲ ಮಾಡಿದರು. ಕೂಸು ಉಳಿಯಲಿಲ್ಲ.

ಮನೆಗೆ ಬಂದ ಮೇಲೆ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನೋಡಲು ಬಂದವರೆಲ್ಲ ಒಂದೇ ಮಾತು ಹೇಳಿದರು: ಇನ್ನೂ ವಯಸ್ಸಿದೆ, ಮತ್ತೆ ಆಗುತ್ತದೆ. ನಾನೂ ಹೇಳಿದೆ. ಹೇಳಿದಷ್ಟೂ ಅವಳು ಗೋಡೆಗೆ ಹತ್ತಿರವಾದಳು. ಹಾಲು ಒಯ್ದೆ, ಉಪ್ಪಿಟ್ಟು ಒಯ್ದೆ, ಹಾಗೇ ವಾಪಸು ತಂದೆ. ಅವಳ ತಾಯಿ ತೀರಿಕೊಂಡು ವರ್ಷಗಳಾಗಿವೆ. ಕರೆಸೋಣವೆಂದರೆ ಯಾರನ್ನು ಕರೆಸುವುದು? ಮಗ ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಮತ್ತೆ ಆಗುತ್ತದೆ ಎಂಬ ಮಾತನ್ನು ಚಿಗವ್ವ ಮಾತ್ರ ಆಡಲಿಲ್ಲ. ಬಾಗಿಲವರೆಗೆ ಬಂದು ನಿಂತು ಹೋಗುತ್ತಿದ್ದಳು.

ಒಂದು ಮಧ್ಯಾಹ್ನ ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ಕುಕ್ಕರಿನ ಸೀಟಿ ಕೇಳಿಸಿತು. ಸೊಸೆ ಎದ್ದಳೆಂದು ಖುಷಿಯಿಂದ ಇಳಿದು ಬಂದೆ. ಅಡುಗೆಮನೆಯಲ್ಲಿ ಇದ್ದವಳು ಚಿಗವ್ವ. ಕುಕ್ಕರಿನಿಂದ ಆದಷ್ಟು ದೂರ, ಗೋಡೆಗೆ ಆತು ನಿಂತಿದ್ದಳು.

"ಇದನ್ನ ಹ್ಯಾಂಗ ಸುಮ್ಮನಾಗಸ್ತಾರ?" ಎಂದಳು.

ನಾನು ಒಲೆ ಆರಿಸಿದೆ. ಅನ್ನ ಮುದ್ದೆಯಾಗಿತ್ತು, ತಳ ಹಿಡಿದಿತ್ತು.

"ಆಕಿ ಅವ್ವ ಏನ್ ಹಾಕಿ ಕಲಸ್ತಿದ್ಳಂತ?"

"ಪಪ್ಪು ಅಂದ್ರ ಬ್ಯಾಳಿ, ತುಪ್ಪ. ಸಣ್ಣಾಕಿದ್ದಾಗ ಹಂಗೇ ಉಣಸ್ತಿದ್ರು ಅಂತಿದ್ಳು."

ಬೆಳಗಿನ ಬೇಳೆ ಇತ್ತು. ಚಿಗವ್ವ ತುಪ್ಪ ಸುರಿದು ಕಲಸಿದಳು. ಆ ಕೈಗೆ ಹಿಟ್ಟಿನ ರೂಢಿ. ಅಗುಳುಗಳೆಲ್ಲ ಬೆರಳಿಗೆ ಮೆತ್ತಿಕೊಂಡವು. ತಟ್ಟೆ ಹಿಡಿದು ಕುಂಟುತ್ತ ಹೋಗಿ ಮಂಚದ ತುದಿಯಲ್ಲಿ ಕುಳಿತಳು. ನಾನು ಬಾಗಿಲಲ್ಲಿ ನಿಂತೆ.

"ಏಳವ್ವ."

"ಬೇಡ ಅಮ್ಮಮ್ಮಾ."

"ನಾನೂ ಉಂಡಿಲ್ಲ. ಇಬ್ರೂ ಉಣ್ಣಮು."

ಸೊಸೆ ಈ ಕಡೆ ತಿರುಗಿ ತಟ್ಟೆ ನೋಡಿದಳು. "ನೀವು ಅನ್ನ ಉಣ್ಣಲ್ಲಲ್ಲ."

ಚಿಗವ್ವ ಒಂದು ತುತ್ತು ತನ್ನ ಬಾಯಿಗೆ ಇಟ್ಟುಕೊಂಡಳು. ರೊಟ್ಟಿ ಅಗಿದ ಹಾಗೆ ಬಹಳ ಹೊತ್ತು ಅಗಿದಳು. "ಇದ್ರಾಗ ಅಗಿಯಾಕ ಏನೂ ಇಲ್ಲಲ್ಲವ್ವ," ಎಂದಳು. ಸೊಸೆಯ ತುಟಿಯಲ್ಲಿ ನಗುವಿನಂಥದ್ದೇನೋ ಬಂತು. ಹಿಂದೆಯೇ ಅಳು ಬಂತು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅತ್ತದ್ದು ಆಗಲೇ. ಚಿಗವ್ವ ತಡೆಯಲಿಲ್ಲ. ಎರಡನೆಯ ತುತ್ತನ್ನು ಕೈಯಲ್ಲೇ ಹಿಡಿದು ಕಾದಳು.

"ನಂದೂ ಹೋಗ್ಯಾದ," ಎಂದಳು ಆಮೇಲೆ. "ಹೆಣ್ಣು ಕೂಸು."

ನಾನು ಅವಳನ್ನು ಬುದ್ಧಿ ಬಂದಾಗಿನಿಂದ ಬಲ್ಲೆ. ಚಿಗವ್ವನಿಗೆ ಮಕ್ಕಳಾಗಲಿಲ್ಲ ಎಂಬ ಒಂದೇ ಮಾತನ್ನು ಕೇಳುತ್ತ ಬೆಳೆದವಳು. ನನ್ನ ತಾಯಿಯೂ ಇದನ್ನು ಹೇಳಿರಲಿಲ್ಲ.

"ಸುಗ್ಗಿ ಇತ್ತು. ಹೊಲದಾಗೇ ಆತು. ಎಲ್ಲಾರೂ ಮತ್ತ ಆಗ್ತದ, ಮತ್ತ ಆಗ್ತದ ಅಂದ್ರು. ಆಗ್ಲಿಲ್ಲ. ಆಗಿದ್ರೂ ಅದು ಬ್ಯಾರೆ ಕೂಸು ಆಗ್ತಿತ್ತು. ಇದಲ್ಲ."

ಸೊಸೆ ಬಾಯಿ ತೆರೆದು ತುತ್ತು ತೆಗೆದುಕೊಂಡಳು. ನುಂಗಿದ ಮೇಲೆ ಕೇಳಿದಳು, "ಹೆಸರು ಇಟ್ಟಿದ್ರಾ?"

"ಮಂದಿ ಎಲ್ಲಿ ಇಡ್ತಾರ. ನಾ ಇಟ್ಟೀನಿ, ಮನಸಿನ್ಯಾಗ. ಯಾರ ಮುಂದೂ ಅಂದಿಲ್ಲ."

ಚಿಗವ್ವ ಬಗ್ಗಿ, ಅವಳ ಕಿವಿಯಲ್ಲಿ ಆ ಹೆಸರು ಹೇಳಿದಳು. ಬಾಗಿಲಲ್ಲಿದ್ದ ನನಗೆ ಕೇಳಿಸಲಿಲ್ಲ. ಸೊಸೆ ಎದ್ದು ಕುಳಿತು, ಚಿಗವ್ವನ ಕಿವಿಯ ಮೇಲಿದ್ದ ಸೆರಗನ್ನು ಸರಿಸಿ, ತಾನೂ ಒಂದು ಹೆಸರು ಹೇಳಿದಳು.