ನಲವತ್ತಮೂರನೆಯ ಪುಟದ ಗಂಟೆಯ ಬಗ್ಗೆ ಪ್ರಕಾಶಕರಿಗೆ

ಮಾನ್ಯ ಪ್ರಕಾಶಕರೇ,

ತಮಗೂ, ತಮ್ಮ ಸಂಪಾದಕರಿಗೂ, ವಿಶೇಷವಾಗಿ ತಮ್ಮ ಚಿತ್ರಕಾರ ಮಹಾಶಯರಿಗೂ ಸವಿನಯ ವಂದನೆಗಳು. ಇಪ್ಪತ್ತೆರಡು ವರ್ಷಗಳಿಂದ ಕಂಡವರ ಮನೆಗಳಿಗೆ ವೈರಿಂಗ್ ಮಾಡಿಕೊಂಡು ಬಂದಿರುವ ನಾನು, ಒಬ್ಬ ಸಾಮಾನ್ಯ ಎಲೆಕ್ಟ್ರಿಷಿಯನ್, ಇಂದು ನನ್ನ ಒಂಬತ್ತು ವರ್ಷದ ಮಗಳ ಮುಂದೆ ಅಪರಾಧಿಯಾಗಿ ನಿಂತಿದ್ದೇನೆ. ಅದಕ್ಕೆ ತಾವೇ ಕಾರಣಕರ್ತರಾದ್ದರಿಂದ ಈ ಪತ್ರವನ್ನು ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ, ತಪ್ಪು ತಿಳಿಯಬಾರದು.

ತಮ್ಮ ಮಕ್ಕಳ ಪತ್ತೇದಾರಿ ಮಾಲೆಯ ಮೊದಲ ಭಾಗ ಬಹಳ ಸೊಗಸಾಗಿದೆ. ಪ್ರತಿ ಅಧ್ಯಾಯದ ಕೊನೆಗೆ, ಕಥೆಯ ಮಕ್ಕಳು ಕಳ್ಳನನ್ನು ಹಿಡಿಯಲು ಬಳಸಿದ ಉಪಕರಣವನ್ನು ಓದುವ ಮಕ್ಕಳೂ ಮನೆಯಲ್ಲಿ ಮಾಡಲೆಂದು ಚಿತ್ರಸಹಿತ ವಿವರಿಸಿದ್ದೀರಿ. ಕಳ್ಳ ಯಾರೆಂಬುದು ಏಳನೇ ಅಧ್ಯಾಯದವರೆಗೆ ನನಗೂ ತಿಳಿಯಲಿಲ್ಲ, ಪಾಪದ ತೋಟದ ಮಾಲಿಯನ್ನು ಸುಮ್ಮನೆ ಅನುಮಾನಿಸಿದೆ. ಆದರೆ ತಮ್ಮ ಉಪಕರಣಗಳಲ್ಲಿ ಯಾವುದು ಕೆಲಸ ಮಾಡುತ್ತದೆ ಎಂಬ ರಹಸ್ಯವನ್ನು ಕೊನೆಯ ಪುಟದ ನಂತರವೂ ಬಿಟ್ಟುಕೊಡದಿರುವ ತಮ್ಮ ಕೌಶಲ್ಯಕ್ಕೆ ಕೈಮುಗಿಯಲೇಬೇಕು.

ಮೊದಲನೇ ಅಧ್ಯಾಯದ ಪೆರಿಸ್ಕೋಪಿನಲ್ಲಿ ಮೇಲಿನ ಕನ್ನಡಿಯನ್ನು ಉಲ್ಟಾ ವಾಲಿಸಿ ಬರೆದಿದ್ದೀರಿ. ಮಗಳಿಗೆ ಕಾಂಪೌಂಡಿನಾಚೆಯ ರಸ್ತೆ ಕಾಣುವ ಬದಲು ರಟ್ಟಿನ ಡಬ್ಬಿಯ ಒಳಗಿನ ಕತ್ತಲೆ ಕಂಡಿತು. ಅವಳು ಪುಸ್ತಕವನ್ನು ದೂರಲಿಲ್ಲ. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡು, "ನನ್ ಕೈಯಲ್ಲಿ ಏನೂ ಆಗಲ್ಲ ಬಿಡಪ್ಪ" ಎಂದಳು. ಮರುದಿನ ಅವಳು ಶಾಲೆಗೆ ಹೋದ ಮೇಲೆ ಕನ್ನಡಿಯನ್ನು ಸರಿಯಾಗಿ ಕೂರಿಸಿಟ್ಟೆ. ಸಂಜೆ ರಸ್ತೆ ಕಂಡಾಗ ಅವಳು ಮನೆಯೆಲ್ಲ ಕುಣಿದದ್ದನ್ನು ನೋಡಿ, ಮಾಡಿದ್ದು ಒಳ್ಳೆಯದೇ ಆಯಿತು ಅಂದುಕೊಂಡೆ. ಎರಡನೇ ಅಧ್ಯಾಯದ ವಿದ್ಯುತ್ ಅಯಸ್ಕಾಂತಕ್ಕೆ ಸುತ್ತುವ ತಾಮ್ರದ ತಂತಿಯ ತುದಿಯಲ್ಲಿ ಬಣ್ಣದ ಲೇಪವನ್ನು ಕೆರೆಯಬೇಕೆಂದು ಹೇಳಲು ಮರೆತಿದ್ದಿರಿ. ಅದನ್ನೂ ಗುಟ್ಟಾಗಿ ಕೆರೆದಿಟ್ಟೆ.

ಆದರೆ ತಮ್ಮ ಪುಸ್ತಕ ಓದಿದ ಮಗು ದಡ್ಡಿಯಾಗಿರಲು ಹೇಗೆ ಸಾಧ್ಯ? ತಾನಿಲ್ಲದಾಗ ಯಾರೋ ತನ್ನ ಕೋಣೆಗೆ ಬಂದು ಸಾಮಾನು ಮುಟ್ಟುತ್ತಿದ್ದಾರೆಂದು ಅವಳಿಗೆ ಗೊತ್ತಾಯಿತು. ಆ ಅಪರಿಚಿತನನ್ನು ಹಿಡಿಯಲು ನಲವತ್ತಮೂರನೆಯ ಪುಟದ ಎಚ್ಚರಿಕೆ ಗಂಟೆಯನ್ನು ಮಾಡಿ ಕೋಣೆಯ ಬಾಗಿಲಲ್ಲಿ ಕಾಲೊರೆಸುವ ಮ್ಯಾಟ್ ಕೆಳಗೆ ಅಡಗಿಸಿದಳು. ಗಂಟೆಯ ಎರಡೂ ತಂತಿಗಳನ್ನು ಬ್ಯಾಟರಿಯ ಒಂದೇ ತುದಿಗೆ ಕೂಡಿಸಿ ಚಿತ್ರ ಬರೆಸಿರುವ ತಾವು, ಆ ಗಂಟೆ ಪ್ರಳಯವಾದರೂ ಬಾರಿಸದಂತೆ ನೋಡಿಕೊಂಡಿದ್ದಿರಿ. ಅವಳ ಮುಖ ಮತ್ತೆ ಸಪ್ಪಗಾಯಿತು. ನಾನು, ನನ್ನನ್ನೇ ಹಿಡಿಯಲು ಇಟ್ಟ ಗಂಟೆಯನ್ನು, ನನ್ನ ಕೈಯಾರೆ ರಿಪೇರಿ ಮಾಡಿದೆ.

ಅಷ್ಟಕ್ಕೇ ಬಿಟ್ಟಿದ್ದರೆ ಬಚಾವಾಗುತ್ತಿದ್ದೆ. ಆದರೆ ತಂತಿ ಕೂಡಿಸಿದ ಮೇಲೆ ಕಪ್ಪು ಇನ್ಸುಲೇಷನ್ ಟೇಪ್ ಸುತ್ತದೆ ಎದ್ದು ಬರುವ ಅಭ್ಯಾಸ ನನಗಿಲ್ಲ. ಅವಳಲ್ಲಿದ್ದದ್ದು ಬಿಳಿ ಸೆಲ್ಲೋಟೇಪ್ ಮಾತ್ರ. ಅವಳು ಆ ಕಪ್ಪು ಟೇಪಿನ ಮೇಲೆ ಮುಖದ ಪೌಡರ್ ಉದುರಿಸಿ, ಬ್ರಶ್ಶಿನಿಂದ ಸವರಿ, ನಾನು ನೀರು ಕುಡಿದಿಟ್ಟ ಲೋಟದ ಗುರುತಿನೊಂದಿಗೆ ಹೋಲಿಸಿದಳು. ಬೆರಳಚ್ಚಿನ ಅಧ್ಯಾಯವೊಂದನ್ನು ಮಾತ್ರ ತಾವು ಒಂದೂ ತಪ್ಪಿಲ್ಲದೆ ಅಚ್ಚು ಹಾಕಿರುವುದಕ್ಕೆ ನನ್ನ ಹಾರ್ದಿಕ ಅಭಿನಂದನೆಗಳು.

"ನನ್ ಸಾಮಾನೆಲ್ಲ ಹಾಳು ಮಾಡ್ತಿದ್ದದ್ದು ನೀನೇನಾ?" ಎಂದು ಕೇಳಿದಳು. ನನ್ನ ಟೇಪನ್ನು ಕಿತ್ತು, ತಂತಿಗಳನ್ನು ಮತ್ತೆ ತಮ್ಮ ಚಿತ್ರದಂತೆಯೇ ಜೋಡಿಸಿದಳು. ಗಂಟೆ ಬಾರಿಸಲಿಲ್ಲ. ಮೊದಲಿನಿಂದಲೂ ಅದು ಬಾರಿಸದಿದ್ದದ್ದು ನಾನು ಮುಟ್ಟಿದ್ದಕ್ಕೇ ಎಂದು ತೀರ್ಪಾಯಿತು. ಅಂದಿನಿಂದ ಅವಳು ಮನೆಪಾಠ ಹೇಳಿಸಿಕೊಳ್ಳಲು ನನ್ನ ಬಳಿ ಬರುತ್ತಿಲ್ಲ, ನಾನು ಪಕ್ಕದಲ್ಲಿ ಕೂತರೆ ಎದ್ದು ಹೋಗುತ್ತಾಳೆ. ಅವಳ ತಾಯಿ, "ಇದ್ದದ್ದು ಇದ್ದ ಹಾಗೆ ಹೇಳಿಬಿಡ್ರೀ" ಎನ್ನುತ್ತಾಳೆ. ಹೇಳಿದರೆ, ಅವಳು ಮಾಡಿದ್ದು ಒಂದೂ ಅವಳ ಕೈಯಿಂದ ನಡೆಯಲಿಲ್ಲ ಎಂದು ನಾನೇ ಹೇಳಿದಂತಾಗುತ್ತದೆ. ಅದಕ್ಕಿಂತ ಕಳ್ಳನಾಗಿರುವುದೇ ವಾಸಿ ಎಂದು ಬಾಯಿಗೆ ಬೀಗ ಹಾಕಿಕೊಂಡಿದ್ದೇನೆ. ಆದ್ದರಿಂದ, ನಾನು ನಿರಪರಾಧಿಯೆಂದೂ ಅವಳೂ ಏನೂ ತಪ್ಪು ಮಾಡಿಲ್ಲವೆಂದೂ ಒಂದು ಪ್ರಮಾಣಪತ್ರವನ್ನು ಮೊಹರು ಒತ್ತಿ ಕಳಿಸಬೇಕು, ಮತ್ತು ತಮ್ಮ ಚಿತ್ರಕಾರರು ಖುದ್ದಾಗಿ ನಮ್ಮ ಮನೆಗೆ ಬಂದು ಎರಡು ದಿನ ಕಳ್ಳನಾಗಿ ನಿಲ್ಲಬೇಕು ಎಂದು ಕೋರುತ್ತೇನೆ.

ಇಲ್ಲಿಯವರೆಗೆ ಶನಿವಾರ ಬರೆದು ಇಟ್ಟಿದ್ದೆ. ಭಾನುವಾರ ಅವಳ ನಾಲ್ವರು ಗೆಳತಿಯರು ಗಂಟೆ ನೋಡಲು ಬರುವವರಿದ್ದರು. ಅವರ ಮುಂದೆ ಮಗು ಪೆಚ್ಚಾಗುವುದು ಬೇಡವೆಂದು, ಅವಳು ಅಡುಗೆಮನೆಯಲ್ಲಿದ್ದ ಹೊತ್ತು ನೋಡಿ, ಟೇಪ್ ಹಿಡಿದು ಬರಿಗಾಲಲ್ಲಿ ಅವಳ ಕೋಣೆಗೆ ಕಾಲಿಟ್ಟೆ. ಗಂಟೆ ಬಾರಿಸಿತು.

ಅವಳು ಓಡಿಬಂದಳು. "ಪುಸ್ತಕದಲ್ಲೇ ತಪ್ಪಿತ್ತಪ್ಪ. ಎಲ್ಲಾ ತರ ಹಾಕಿ ನೋಡಿ ನಾನೇ ಸರಿಮಾಡ್ದೆ" ಎಂದಳು. ತಮ್ಮ ಚಿತ್ರದ ಒಂದು ತಂತಿಯನ್ನು ಪೆನ್ಸಿಲ್ಲಿನಿಂದ ಹೊಡೆದು, ಬ್ಯಾಟರಿಯ ಆಚೆ ತುದಿಗೆ ಎಳೆದಿದ್ದಳು. ಆಮೇಲೆ ನನ್ನ ಕೈಯಲ್ಲಿದ್ದ ಟೇಪನ್ನೂ ಮೇಜಿನ ಮೇಲಿದ್ದ ಪೆರಿಸ್ಕೋಪನ್ನೂ ಬಹಳ ಹೊತ್ತು ನೋಡಿದಳು. ಪ್ರಕರಣದ ನೋಟ್‌ಬುಕ್ ತೆಗೆದು ನನ್ನೆದುರೇ ಬರೆದಳು: "ಅಪ್ಪ ಕಳ್ಳ ಅಲ್ಲ. ಆದರೂ ಒಳಗೆ ಬಿಡಬಾರದು."

ಇಷ್ಟು ವರ್ಷ ನಾನು ಬಾರಿಸುವಂತೆ ಮಾಡಿದ ಯಾವ ಗಂಟೆಯೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ, ಮಾನ್ಯರೇ. ಆದಕಾರಣ ಮೇಲಿನ ಕೋರಿಕೆಗಳನ್ನೆಲ್ಲ ಹಿಂತೆಗೆದುಕೊಂಡು ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ. ಮುಂದಿನ ಮುದ್ರಣದಲ್ಲಿ ನಲವತ್ತಮೂರನೆಯ ಪುಟವನ್ನು ದಯವಿಟ್ಟು ತಿದ್ದಬೇಡಿ.

ತಮ್ಮ ವಿಶ್ವಾಸಿ,
ಕೋಣೆಯ ಹೊರಗೆ ನಿಂತಿರುವ ಒಬ್ಬ ತಂದೆ

ವಿ.ಸೂ.: ಮಾಲೆಯ ಎರಡನೆಯ ಭಾಗವನ್ನೂ ತಂದು, ಮಗಳಿಗೆ ಕೊಡುವ ಮೊದಲು ಪ್ರತಿಯೊಂದು ಚಿತ್ರವನ್ನೂ ಬ್ಯಾಟರಿ, ತಂತಿ ಹಿಡಿದು ಪರೀಕ್ಷಿಸಿದೆ. ಒಂದರಲ್ಲೂ ತಪ್ಪಿಲ್ಲ. ತಮ್ಮಂಥ ಸಂಸ್ಥೆಯ ಗುಣಮಟ್ಟ ಇಷ್ಟು ಬೇಗ ಕುಸಿಯಬಹುದೆಂದು ನಾನು ಎಣಿಸಿರಲಿಲ್ಲ.